ಐವತ್ತು ಸಾವಿರ ಯೆನ್ನಿನ ಕುಸ್ತಿ ಕಂಪನಿ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಲು ಹೊರಟಿರುವುದು ಜಪಾನಿನ ಒಂದು ಸಣ್ಣ ಕುಸ್ತಿ ಕಂಪನಿಯ ಕಥೆ. ಅದರ ಹೆಸರು ಫ್ರಾಂಟಿಯರ್ ಮಾರ್ಷಲ್ ಆರ್ಟ್ಸ್ ರೆಸ್ಲಿಂಗ್, ಚಿಕ್ಕದಾಗಿ ಎಫ್‌ಎಂಡಬ್ಲ್ಯು. 1989ರ ಅಕ್ಟೋಬರ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. 2002ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಶುರುವಾದಾಗ ಕೈಯಲ್ಲಿ ಇದ್ದದ್ದು 50,000 ಯೆನ್ ಎಂದು ಕಟ್ಟಿದವರೇ ಹೇಳಿಕೊಂಡಿದ್ದಾರೆ. ಅಷ್ಟು ಹಣದಲ್ಲಿ ಕುಸ್ತಿಯ ರಿಂಗ್ ಕೂಡ ಬರುವುದಿಲ್ಲ. ಆರು ವರ್ಷ ತುಂಬುವ ಮೊದಲೇ ಇದೇ ಕಂಪನಿ ಕವಾಸಾಕಿಯ ಬೇಸ್‌ಬಾಲ್ ಮೈದಾನಕ್ಕೆ 58,250 ಜನರನ್ನು ತಂದಿತು. ಇದು ಕಂಪನಿಯೇ ಘೋಷಿಸಿದ ಲೆಕ್ಕ. ಕುಸ್ತಿ ಕಂಪನಿಗಳು ಹೇಳುವ ಲೆಕ್ಕ ಸಾಮಾನ್ಯವಾಗಿ ಒಂದಿಷ್ಟು ಉಬ್ಬಿರುತ್ತದೆ. ಅದನ್ನು ಕಳೆದರೂ ಮೈದಾನ ತುಂಬಿ ತುಳುಕಿದ್ದು ಸುಳ್ಳಲ್ಲ.

ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ, ಬಿದ್ದದ್ದು ಯಾಕೆ? ಎರಡಕ್ಕೂ ಕಾರಣ ಒಂದೇ ಎಂದು ನನಗೆ ಅನ್ನಿಸುತ್ತದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲೇ ಒಂದು ಮಾತು. ಇದು ಗೆಲುವು ಸೋಲು ಮೊದಲೇ ಗೊತ್ತಾಗಿರುವ ಕುಸ್ತಿ. ನಮ್ಮ ಗರಡಿಯ ಕುಸ್ತಿ, ದಸರಾ ಕುಸ್ತಿ ಬೇರೆ. ತೊಂಬತ್ತರ ದಶಕದಲ್ಲಿ ನಾವು ಟಿವಿಯಲ್ಲಿ ಅಂಡರ್‌ಟೇಕರ್‌ನನ್ನು ನೋಡುತ್ತಿದ್ದೆವಲ್ಲ, ಆ ಜಾತಿಯದು. ಆದರೆ ಯಾರು ಗೆಲ್ಲಬೇಕು ಎಂದು ಮೊದಲೇ ಮಾತಾಗಿದ್ದರೂ ಮುಳ್ಳುತಂತಿ ಚರ್ಮವನ್ನು ಹರಿಯುತ್ತದೆ. ಬೆಂಕಿ ಸುಡುತ್ತದೆ. ಎಫ್‌ಎಂಡಬ್ಲ್ಯುನಲ್ಲಿ ಸುರಿದ ರಕ್ತ ನಿಜದ್ದೇ.

ಈ ಕಂಪನಿಯನ್ನು ಕಟ್ಟಿದವರು ಅತ್ಸುಶಿ ಓನಿತಾ. 1957ರಲ್ಲಿ ನಾಗಸಾಕಿಯಲ್ಲಿ ಹುಟ್ಟಿದವರು. ಹೈಸ್ಕೂಲಿಗೆ ಹೋಗದೆ ಹದಿಹರೆಯದಲ್ಲೇ ಆಲ್ ಜಪಾನ್ ಕಂಪನಿಯನ್ನು ಸೇರಿದರು. ಅದರ ಯಜಮಾನರು ಜಯಂಟ್ ಬಾಬಾ. ಆರೂಮುಕ್ಕಾಲು ಅಡಿ ಮೀರಿದ ಆಳು, ಜಪಾನಿನಲ್ಲಿ ಮನೆಮಾತಾಗಿದ್ದ ಹೆಸರು. ಓನಿತಾ ಬಾಬಾ ಅವರ ಬ್ಯಾಗ್ ಹೊತ್ತರು, ಸೇವೆ ಮಾಡಿದರು, ಕುಸ್ತಿ ಕಲಿತರು. 1974ರಲ್ಲಿ ಮೊದಲ ಪಂದ್ಯ. 1982ರಲ್ಲಿ ಅಮೆರಿಕದಲ್ಲಿ ಕಡಿಮೆ ತೂಕದವರ ದೊಡ್ಡ ಪ್ರಶಸ್ತಿಯನ್ನು ಗೆದ್ದು ಬಂದರು. ದಾರಿ ಸರಿಯಾಗಿಯೇ ಇತ್ತು.

1983ರ ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ಒಂದು ಪಂದ್ಯ ಮುಗಿಯಿತು. ಓನಿತಾ ರಿಂಗಿನಿಂದ ಕೆಳಗೆ ಹಾರಿದರು. ಕಾಲು ಜಾರಿತು. ಎಡ ಮಂಡಿಚಿಪ್ಪು ಚೂರಾಯಿತು. ಪಂದ್ಯದಲ್ಲಿ ಆದ ಪೆಟ್ಟಲ್ಲ, ಎದುರಾಳಿ ಮಾಡಿದ್ದೂ ಅಲ್ಲ. ಮತ್ತೆ ರಿಂಗಿಗೆ ಬಂದರೂ ಮಂಡಿ ಮೊದಲಿನಂತೆ ಆಗಲಿಲ್ಲ. 1985ರ ಜನವರಿಯಲ್ಲಿ, 27ನೇ ವಯಸ್ಸಿಗೆ, ನಿವೃತ್ತರಾದರು. ಆಮೇಲೆ ಕೈಹಾಕಿದ ಕೆಲಸಗಳು ಯಾವುವೂ ಕೈಹಿಡಿಯಲಿಲ್ಲ.

ಅಷ್ಟರಲ್ಲಿ ಜಪಾನಿನ ಕುಸ್ತಿ ಬದಲಾಗುತ್ತಿತ್ತು. 1988ರಲ್ಲಿ ಯುಡಬ್ಲ್ಯುಎಫ್ ಎಂಬ ಕಂಪನಿ ಮತ್ತೆ ಶುರುವಾಗಿತ್ತು. ಹಗ್ಗಕ್ಕೆ ಎಸೆಯುವುದು, ಮುಖವಾಡ, ಮೇಲಿಂದ ಹಾರುವುದು ಇವೆಲ್ಲವನ್ನೂ ಅವರು ಬಿಟ್ಟಿದ್ದರು. ಒದೆತ, ಕೀಲು ತಿರುಚುವ ಪಟ್ಟು ಅಷ್ಟೇ. 'ಇದೇ ನಿಜವಾದ ಹೋರಾಟ' ಎಂಬ ಭಾವನೆ ಬರಿಸಿದ್ದರು. ಟಿಕೆಟ್‌ಗಳು ಕೂಡಲೇ ಮುಗಿಯುತ್ತಿದ್ದವು. ಆ ವರ್ಷದ ಕೊನೆಗೆ ಓನಿತಾ ಒಸಾಕಾದಲ್ಲಿ ಅವರ ಪ್ರದರ್ಶನಕ್ಕೆ ಸವಾಲು ಹಾಕಲು ಹೋದರು. ಕಂಪನಿಯ ಮುಖ್ಯಸ್ಥರು ಅವರನ್ನು ಕೇಳಿದ್ದು ಒಂದೇ ಮಾತು: ಟಿಕೆಟ್ ಇದೆಯಾ? ಜಪಾನಿನ ಹಳೆಯ ಅಭಿಮಾನಿಗಳಿಗೆಲ್ಲ ಈ ಪ್ರಸಂಗ ಗೊತ್ತು. ಒಂದು ಕಾಲದ ಚಾಂಪಿಯನ್ ಬಾಗಿಲಲ್ಲೇ ನಿಲ್ಲಬೇಕಾಯಿತು.

ಆ ಅವಮಾನವನ್ನು ಓನಿತಾ ಮರೆಯಲಿಲ್ಲ. ಮರೆಯದೆ ಇದ್ದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುತ್ತೇನೆ. ಯಾಕೆಂದರೆ ಯುಡಬ್ಲ್ಯುಎಫ್ ಏನನ್ನೆಲ್ಲ ಹೊರಗೆ ಎಸೆದಿತ್ತೋ, ಓನಿತಾ ಅದನ್ನೆಲ್ಲ ಎತ್ತಿಕೊಂಡು ಒಳಗೆ ಹಾಕಿಕೊಂಡರು. 1989ರ ಅಕ್ಟೋಬರ್ 6ರಂದು ನಗೋಯಾದಲ್ಲಿ ಮೊದಲ ಪ್ರದರ್ಶನ. ನಾಲ್ಕು ದಿನದ ನಂತರ ಟೋಕಿಯೊದ ಕೊರಾಕುಎನ್ ಹಾಲ್‌ನಲ್ಲಿ ಇನ್ನೊಂದು. ಎರಡು ಸಾವಿರ ಜನ ಹಿಡಿಸುವ ಆ ಹಾಲ್ ಜಪಾನಿನ ಕುಸ್ತಿಗೆ ತವರು ಮನೆ ಇದ್ದ ಹಾಗೆ. ಓನಿತಾ ಎದುರಿಗೆ ನಿಂತವರು ಕುಸ್ತಿಪಟುವೇ ಅಲ್ಲ, ಮಸಾಶಿ ಆಓಯಾಗಿ ಎಂಬ ಕರಾಟೆ ಗುರು. ಮುಂದೆ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ಸೋವಿಯತ್ ಜೂಡೊಪಟು ಗ್ರಿಗೊರಿ ವೆರಿಚೆವ್ ಬಂದರು. ಮುಹಮ್ಮದ್ ಅಲಿಯನ್ನು ಸೋಲಿಸಿದ್ದ ಬಾಕ್ಸರ್ ಲಿಯಾನ್ ಸ್ಪಿಂಕ್ಸ್ ಕೂಡ ಬಂದರು.

ಹೆಣ್ಣುಮಕ್ಕಳೂ ಇದ್ದರು. ಇದನ್ನು ನಾನು ಒತ್ತಿ ಹೇಳಬೇಕು. ಆಗ ಜಪಾನಿನಲ್ಲಿ ಗಂಡಸರ ಕುಸ್ತಿ ಕಂಪನಿ ಬೇರೆ, ಹೆಂಗಸರದ್ದು ಬೇರೆ. ದೊಡ್ಡ ಕಂಪನಿಗಳು ಇಬ್ಬರನ್ನೂ ಒಂದೇ ಸಂಜೆಯ ಪಟ್ಟಿಯಲ್ಲಿ ಸೇರಿಸುತ್ತಿರಲಿಲ್ಲ. ಓನಿತಾ ಸೇರಿಸಿದರು. ಮೆಗುಮಿ ಕುದೊ, ಕಾಂಬ್ಯಾಟ್ ಟೊಯೊಡಾ ಇಬ್ಬರೂ ಆಲ್ ಜಪಾನ್ ವಿಮೆನ್ಸ್ ಕಂಪನಿಯಲ್ಲಿ ಒಟ್ಟಿಗೆ ಕಲಿತು, ಅಲ್ಲಿ ನೆಲೆ ಸಿಗದೆ ಹೊರಗೆ ಬಂದವರು. 1990ರಲ್ಲಿ ಎಫ್‌ಎಂಡಬ್ಲ್ಯುಗೆ ಬಂದರು. ಕಂಪನಿಯ ಗುಣ ಇಲ್ಲೇ ಕಾಣುತ್ತದೆ. ಬೇರೆ ಕಡೆ ಬೇಡವಾದವರು, ವಯಸ್ಸಾದವರು, ಗಾಯಗೊಂಡವರು ಇಲ್ಲಿ ಜಾಸ್ತಿ. ನೋಡುವವರಿಗೂ ಅದು ಗೊತ್ತಿತ್ತು. ಅದಕ್ಕೇ ಪ್ರೀತಿಸಿದರು.

ಈಗ ದುಡ್ಡಿನ ವಿಚಾರ. ಜಪಾನಿನ ದೊಡ್ಡ ಕಂಪನಿಗಳ ಬೆನ್ನಿಗೆ ಟಿವಿ ಇತ್ತು. ಆಲ್ ಜಪಾನ್‌ಗೆ ನಿಪ್ಪಾನ್ ಟಿವಿ, ನ್ಯೂ ಜಪಾನ್‌ಗೆ ಟಿವಿ ಅಸಾಹಿ. ಚಾನೆಲ್ ಕೊಡುವ ಹಣ ವರ್ಷವಿಡೀ ಬರುತ್ತದೆ. ಒಂದು ಊರಿನಲ್ಲಿ ಜನ ಕಡಿಮೆ ಬಂದರೂ ಸಂಬಳ ನಿಲ್ಲುವುದಿಲ್ಲ. ಓನಿತಾಗೆ ಟಿವಿ ಇರಲಿಲ್ಲ. ಟಿಕೆಟ್ ಹಣ, ಟೀ ಶರ್ಟ್ ಮಾರಾಟ, ವಿಡಿಯೊ ಕ್ಯಾಸೆಟ್ಟು, ಇಷ್ಟೇ ಆದಾಯ. ಸುದ್ದಿ ಹರಡಲು ವಾರದ ಕುಸ್ತಿ ಪತ್ರಿಕೆಗಳು. ಅಂದರೆ, ಪತ್ರಿಕೆಯ ಮುಖಪುಟದಲ್ಲಿ ಒಂದು ಫೋಟೊ ಬಂದರೆ ಕಂಪನಿ ಉಳಿಯುತ್ತದೆ, ಬರದಿದ್ದರೆ ಮುಳುಗುತ್ತದೆ. ಎಂಥ ಫೋಟೊ ಬಂದರೆ ಅಂಗಡಿ ಮುಂದೆ ಹೋಗುವವನು ನಿಲ್ಲುತ್ತಾನೆ?

ಉತ್ತರ ಎರಡೇ ತಿಂಗಳಿನಲ್ಲಿ ಸಿಕ್ಕಿತು. 1989ರ ಡಿಸೆಂಬರ್ 10ರಂದು ಕೊರಾಕುಎನ್ ಹಾಲ್‌ನಲ್ಲಿ ಮುಳ್ಳುತಂತಿಯ ಪಂದ್ಯ ನಡೆಯಿತು. ಜೊತೆಗಾರ ಟಾರ್ಜನ್ ಗೋತೊ ಜೊತೆ ಓನಿತಾ ಮುಳ್ಳುತಂತಿಯ ಮೇಲೆ ಬಿದ್ದರು, ಎದ್ದರು, ಮತ್ತೆ ಬಿದ್ದರು. ಓನಿತಾ ಕೈ, ಬೆನ್ನು, ಹೊಟ್ಟೆಯ ಮೇಲಿನ ಹೊಲಿಗೆಗಳು ಸಾವಿರ ದಾಟಿವೆ ಎಂದು ಮುಂದೆ ಅವರೇ ಹೇಳುವಂತಾಯಿತು.

1990ರ ಆಗಸ್ಟ್ 4. ಟೋಕಿಯೊದ ಶಿಯೊದೊಮೆ. ಈಗ ಅಲ್ಲಿ ಗಗನಚುಂಬಿ ಕಟ್ಟಡಗಳಿವೆ. ಆಗ ಅದು ಖಾಲಿ ಬಿದ್ದಿದ್ದ ಹಳೆಯ ರೈಲ್ವೆ ಗೂಡ್ಸ್ ಯಾರ್ಡ್. 1872ರಲ್ಲಿ ಜಪಾನಿನ ಮೊದಲ ರೈಲು ಹೊರಟದ್ದು ಅಲ್ಲಿಂದಲೇ. ಆ ಬಯಲಿನಲ್ಲಿ ರಿಂಗ್ ಹಾಕಿದರು. ಹಗ್ಗ ತೆಗೆದು ಮುಳ್ಳುತಂತಿ ಬಿಗಿದರು. ತಂತಿಗೆ ಸಣ್ಣ ಸ್ಫೋಟಕಗಳನ್ನು ಕಟ್ಟಿದರು. ಮೈ ತಂತಿಗೆ ತಾಕಿದರೆ ಸಿಡಿಯಬೇಕು. ಎದುರಾಳಿ ಯಾರು? ತಮ್ಮದೇ ಜೊತೆಗಾರ ಗೋತೊ.

ಯಾಕೆ ಗೋತೊ ಎಂದು ಸ್ವಲ್ಪ ಯೋಚಿಸಿ. ಇಂಥ ಪಂದ್ಯವನ್ನು ದ್ವೇಷದಿಂದ ಆಡಲು ಆಗುವುದಿಲ್ಲ. ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿರುತ್ತದೆ. ಯಾವ ಕ್ಷಣ ತಳ್ಳಬೇಕು, ಯಾವ ಕಡೆಗೆ ಬೀಳಿಸಬೇಕು, ಕಣ್ಣಿಗೆ ಏನೂ ಆಗದಂತೆ ಹೇಗೆ ನೋಡಿಕೊಳ್ಳಬೇಕು, ಇದೆಲ್ಲ ನಂಬಿಕೆಯ ಕೆಲಸ. ಗೋತೊ ಕೂಡ ಬಾಬಾ ಅವರ ಗರಡಿಯಲ್ಲೇ ಪಳಗಿದವರು. ಆ ರಾತ್ರಿ ತಂತಿ ಸಿಡಿಯಿತು, ಹೊಗೆ ಎದ್ದಿತು, ಹೊಗೆಯೊಳಗಿಂದ ಇಬ್ಬರೂ ಎದ್ದು ಬಂದರು. ಓನಿತಾ ಗೆದ್ದರು.

ವರ್ಷದ ಕೊನೆಗೆ ಟೋಕಿಯೊ ಸ್ಪೋರ್ಟ್ಸ್ ಪತ್ರಿಕೆ ಪ್ರಶಸ್ತಿ ಘೋಷಿಸಿತು. ವರ್ಷದ ಅತ್ಯುತ್ತಮ ಪಂದ್ಯ: ಓನಿತಾ ಮತ್ತು ಗೋತೊ. ವರ್ಷದ ಅತ್ಯುತ್ತಮ ಆಟಗಾರ: ಓನಿತಾ. ನ್ಯೂ ಜಪಾನ್ ಕಟ್ಟಿದ ಇನೋಕಿ, ಆಲ್ ಜಪಾನ್ ಕಟ್ಟಿದ ಬಾಬಾ ಅವರ ಸಾಮ್ರಾಜ್ಯಗಳ ದೇಶದಲ್ಲಿ, ಟಿವಿಯೇ ಇಲ್ಲದ, ಒಂದು ವರ್ಷದ ಹಿಂದೆ ಹುಟ್ಟಿದ ಕಂಪನಿಗೆ ಈ ಗೌರವ! ಟಿಕೆಟ್ ಕೇಳಿದ ಯುಡಬ್ಲ್ಯುಎಫ್ ಅಷ್ಟು ಹೊತ್ತಿಗೆ ಒಳಜಗಳದಲ್ಲಿ ಒಡೆದುಹೋಗುವ ಹಂತ ಮುಟ್ಟಿತ್ತು.

ಮುಳ್ಳುತಂತಿಯೊಂದರಿಂದಲೇ ಜನ ಬಂದರು ಎಂದುಕೊಂಡರೆ ತಪ್ಪಾಗುತ್ತದೆ. ಪಂದ್ಯ ಮುಗಿದ ಮೇಲೆ ಓನಿತಾ ಮೈಕ್ ಹಿಡಿಯುತ್ತಿದ್ದರು. ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಅಳುತ್ತಿದ್ದರು. ಅಳುತ್ತಲೇ ಜನರಿಗೆ ಧನ್ಯವಾದ ಹೇಳುತ್ತಿದ್ದರು. ಜನ ಕುರ್ಚಿ ಬಿಟ್ಟು ರಿಂಗಿನ ಸುತ್ತ ಮುತ್ತಿಕೊಳ್ಳುತ್ತಿದ್ದರು. ಅವರೂ ಅಳುತ್ತಿದ್ದರು. ಇನೋಕಿ, ಬಾಬಾ ಎತ್ತರದಲ್ಲಿದ್ದ ದೊಡ್ಡವರು. ಓನಿತಾ ಹೈಸ್ಕೂಲು ಕೂಡ ಓದದ, ಮಂಡಿ ಮುರಿದುಕೊಂಡ, ಕೆಲಸ ಕಳೆದುಕೊಂಡ ಮನುಷ್ಯ. ಕೆಲಸ ಬಿಟ್ಟವರು, ಪರೀಕ್ಷೆ ಫೇಲಾದವರು, ಮನೆಯಲ್ಲಿ ಬೈಸಿಕೊಂಡವರು ಅವರಲ್ಲಿ ತಮ್ಮನ್ನೇ ಕಂಡರು. ಆ ಕಣ್ಣೀರು ನಟನೆಯೋ ನಿಜವೋ ಎಂದು ಕೇಳುವವರಿದ್ದಾರೆ. ಎರಡೂ ಇತ್ತು ಎಂಬುದು ನನ್ನ ನಂಬಿಕೆ. ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳನ್ನು ನೆನಪಿಸಿಕೊಳ್ಳಿ. ಮಾಲೀಕನೇ ನಾಯಕ, ಅವನೇ ಸಾಲ ತಂದವನು. ರಂಗದ ಮೇಲೆ ಅವನು ಅತ್ತಾಗ ಎಷ್ಟು ಪಾತ್ರದ್ದು, ಎಷ್ಟು ಅವನದ್ದು ಎಂದು ಬಿಡಿಸಿ ಹೇಳಲು ಆಗುತ್ತಿತ್ತಾ?

ಇಲ್ಲಿಂದ ಕವಾಸಾಕಿ ಸ್ಟೇಡಿಯಂ ಕಥೆ. ಟೋಕಿಯೊ ಪಕ್ಕದ ಕಾರ್ಖಾನೆಗಳ ಊರು ಕವಾಸಾಕಿ. ಅಲ್ಲಿನ ಮೈದಾನ ಲೊಟ್ಟೆ ಓರಿಯನ್ಸ್ ಎಂಬ ಬೇಸ್‌ಬಾಲ್ ತಂಡದ್ದು. ಖಾಲಿ ಕುರ್ಚಿಗಳಿಗೇ ಆ ಮೈದಾನ ಹೆಸರುವಾಸಿ. 1991ರ ಆಟಗಳು ಮುಗಿದ ಮೇಲೆ ತಂಡ ಚಿಬಾಗೆ ಹೊರಟುಹೋಯಿತು. ಅದೇ 1991ರ ಸೆಪ್ಟೆಂಬರ್ 23ರಂದು ಎಫ್‌ಎಂಡಬ್ಲ್ಯು ಅಲ್ಲಿ ಮೊದಲ ಬಾರಿ ರಿಂಗ್ ಹಾಕಿತು. ಮತ್ತೆ ಗೋತೊ, ಈ ಸಲ ಪಂಜರದೊಳಗೆ. 33,221 ಜನ ಬಂದರೆಂದು ಕಂಪನಿ ಹೇಳಿತು.

ಮರುವರ್ಷ ಯೊಕೊಹಾಮಾ ಸ್ಟೇಡಿಯಂ. ಎದುರಾಳಿ ಟೈಗರ್ ಜೀತ್ ಸಿಂಗ್. ಇವರು ನಮ್ಮ ಪಂಜಾಬಿನವರು, ಕೆನಡಾಗೆ ಹೋಗಿ ಕುಸ್ತಿ ಕಲಿತವರು. ಬಾಯಲ್ಲಿ ಕತ್ತಿ ಕಚ್ಚಿಕೊಂಡು ಪ್ರೇಕ್ಷಕರ ನಡುವೆ ನುಗ್ಗುತ್ತಿದ್ದ ಈ ಸರ್ದಾರ್ಜಿಯನ್ನು ಕಂಡರೆ ಎಪ್ಪತ್ತರ ದಶಕದ ಜಪಾನಿನ ಮಕ್ಕಳು ಹೆದರಿ ಓಡುತ್ತಿದ್ದರು. ಇನೋಕಿಗೆ ಇವರಷ್ಟು ಕಾಟ ಕೊಟ್ಟ ಖಳನಾಯಕ ಇನ್ನೊಬ್ಬರಿಲ್ಲ. ಜಪಾನಿನಲ್ಲಿ ಅತಿ ಹೆಚ್ಚು ಜನಕ್ಕೆ ಗೊತ್ತಿದ್ದ ಭಾರತೀಯ ಮುಖಗಳಲ್ಲಿ ಇವರದ್ದೂ ಒಂದು. ನಮ್ಮಲ್ಲೇ ಇವರ ಹೆಸರು ಕೇಳಿದವರು ಕಡಿಮೆ. ಇದು ನನಗೆ ಬೇಸರದ ವಿಷಯ.

ಅದೇ 1992ರ ಮೇ ತಿಂಗಳಲ್ಲಿ ಕಂಪನಿ ಗೆರೆ ದಾಟಿತು. ಹ್ಯೋಗೊ ಪ್ರಾಂತ್ಯದಲ್ಲಿ ಬಯಲು ಪ್ರದರ್ಶನ. ರಿಂಗಿನ ಸುತ್ತ ತಂತಿಗೆ ಬಟ್ಟೆ ಸುತ್ತಿ ಬೆಂಕಿ ಇಟ್ಟರು. ಬೆಂಕಿ ಕೈಮೀರಿತು. ಒಳಗಿದ್ದ ಗಾಳಿಯೇ ಉರಿಯತೊಡಗಿತು. ರಿಂಗಿನಲ್ಲಿದ್ದ ನಾಲ್ವರು ಆಟಗಾರರೂ ಹೊರಗೆ ಹಾರಿದರು. ಅರವತ್ತು ದಾಟಿದ್ದ ಅಮೆರಿಕದ ಹಳೆಯ ಆಟಗಾರ ದಿ ಶೇಕ್ ತೀವ್ರವಾಗಿ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಪ್ರಜ್ಞೆ ಕಳೆದುಕೊಂಡು ಮಲಗಿದರು. ಬದುಕಿದ್ದು ಪುಣ್ಯ. ಇದನ್ನು ನಾನು ಸಾಹಸ ಎಂದು ಕರೆಯಲಾರೆ. ಆ ರಾತ್ರಿ ತಪ್ಪು ಮಾಡಿದ್ದು ಕಂಪನಿ.

ಮಾಡಿದ್ದು ಯಾಕೆ? ಹಿಂದಿನದಕ್ಕಿಂತ ದೊಡ್ಡದು ಬೇಕಿತ್ತು. ಕಳೆದ ಸಲ ಮುಳ್ಳುತಂತಿ, ಈ ಸಲ ಸ್ಫೋಟ, ಆಮೇಲೆ ಪಂಜರ, ಬೆಂಕಿ, ಟೈಂ ಬಾಂಬ್. ವರ್ಷದ ಒಂದು ದೊಡ್ಡ ರಾತ್ರಿಯ ಟಿಕೆಟ್ ಹಣದಲ್ಲಿ ವರ್ಷವಿಡೀ ಸಂಬಳ, ಬಸ್ಸು, ಹಾಲ್ ಬಾಡಿಗೆ ನಡೆಯಬೇಕು. ಆ ರಾತ್ರಿ ಸಪ್ಪೆಯಾದರೆ ಮರುವರ್ಷ ಜನ ಬರುವುದಿಲ್ಲ. ಟಿವಿ ಹಣ ಇದ್ದ ಕಂಪನಿಗಳಿಗೆ ನಿಧಾನವಾಗಿ ಬೆಳೆಯುವ ಸೌಕರ್ಯ ಇತ್ತು. ಇವರಿಗೆ ಇರಲಿಲ್ಲ. ಏರಿಸಿದ ಮೆಟ್ಟಿಲೇ ಮುಂದೆ ಕಾಲಿಗೆ ತೊಡರಾದದ್ದು ಹೀಗೆ.

ಆದರೂ ಆ ಮೆಟ್ಟಿಲಿನ ಮೇಲೆ ಒಂದು ಅಪೂರ್ವ ರಾತ್ರಿ ಇದೆ. 1993ರ ಮೇ 5, ಕವಾಸಾಕಿ. ಮೇ 5 ಜಪಾನಿನಲ್ಲಿ ಮಕ್ಕಳ ಹಬ್ಬ, ಸಾಲು ರಜೆಯ ದಿನ. ಎದುರಾಳಿ ಟೆಕ್ಸಾಸ್‌ನ ಟೆರಿ ಫಂಕ್. ಓನಿತಾ ಹುಡುಗನಾಗಿ ಬಾಬಾ ಬಳಿ ಇದ್ದಾಗ ಆರಾಧಿಸುತ್ತಿದ್ದ ಹಿರಿಯರು. ಓನಿತಾಗೆ ಅದೇ ವರ್ಷದ ಶುರುವಿನಲ್ಲಿ ಗಂಟಲಿನ ಸೋಂಕು ರಕ್ತಕ್ಕೆ ಹರಡಿ ಪ್ರಾಣಕ್ಕೇ ಬಂದಿತ್ತು. ಈ ಪಂದ್ಯದ ನಿಯಮ ಏನೆಂದರೆ, ಗೊತ್ತಾದ ಹೊತ್ತಿಗೆ ರಿಂಗ್ ಸಿಡಿಯುತ್ತದೆ. ಓನಿತಾ ಗೆದ್ದು ಹೊರಗೆ ಬಂದರು. ಫಂಕ್ ಒಳಗೇ ಪ್ರಜ್ಞೆ ಇಲ್ಲದವರಂತೆ ಬಿದ್ದಿದ್ದರು. ಗಡಿಯಾರ ಓಡುತ್ತಿತ್ತು. ಸೈರನ್ ಕೂಗುತ್ತಿತ್ತು. ಓನಿತಾ ಮತ್ತೆ ಒಳಗೆ ಓಡಿದರು. ಎಬ್ಬಿಸಲು ನೋಡಿದರು. ಆಗಲಿಲ್ಲ. ಕೊನೆಗೆ ಫಂಕ್ ಮೇಲೆ ಅಡ್ಡ ಮಲಗಿ ತಮ್ಮ ಮೈಯನ್ನೇ ಹೊದಿಸಿದರು. ರಿಂಗ್ ಸಿಡಿಯಿತು.

ಇದೂ ಕಟ್ಟಿದ ಕಥೆಯೇ, ಗೊತ್ತು. ಆದರೆ ಸೋಲಿಸಿದ ಗುರುವನ್ನು ಕಾಪಾಡಲು ಶಿಷ್ಯ ಬೆಂಕಿಗೆ ಮರಳುವ ಕಥೆಯನ್ನು ಒಂದೂ ಮಾತಿಲ್ಲದೆ 41,000 ಜನರ ಮುಂದೆ ಹೇಳಬಲ್ಲವರು ಎಷ್ಟು ಜನ ಇದ್ದಾರೆ? ನನಗೆ ಇದು ಯಾವ ದೊಡ್ಡ ರಂಗಪ್ರಯೋಗಕ್ಕೂ ಕಡಿಮೆಯಲ್ಲ.

1994ರಲ್ಲಿ ಅದೇ ದಿನ, ಅದೇ ಮೈದಾನ. ಎದುರಾಳಿ ಗೆನಿಚಿರೊ ತೆನ್‌ರ್ಯು, ದೊಡ್ಡ ಕಂಪನಿಯಲ್ಲಿ ಬೆಳೆದ ದೊಡ್ಡ ಹೆಸರು. ಸೋತರೆ ನಿವೃತ್ತಿ ಎಂದು ಓನಿತಾ ಪಣ ತೊಟ್ಟಿದ್ದರು. ಸೋತರು. ಒಂದು ವರ್ಷ ಊರೂರು ತಿರುಗಿ ವಿದಾಯ ಹೇಳಿದರು. 1995ರ ಮೇ 5ರ ಕೊನೆಯ ಪಂದ್ಯಕ್ಕೆ ಗೋತೊ ಎದುರಾಳಿ ಆಗಬೇಕಿತ್ತು. ಶುರುವಿನಿಂದ ಜೊತೆಗಿದ್ದವರು, ಹುಡುಗ ಹುಡುಗಿಯರಿಗೆ ಕುಸ್ತಿ ಕಲಿಸಿದವರು. ಕೆಲವೇ ವಾರ ಇರುವಾಗ ಕಂಪನಿ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದದ್ದು 26ರ ಹುಡುಗ, ಮುಖವಾಡದ ಹಯಬುಸಾ. ಆ ರಾತ್ರಿಯದ್ದೇ ನಾನು ಮೊದಲು ಹೇಳಿದ 58,250ರ ಲೆಕ್ಕ.

ಹಯಬುಸಾ ನಿಜ ಹೆಸರು ಎಇಜಿ ಎಝಾಕಿ. ಕುಮಾಮೊಟೊ ಕಡೆಯವರು. ಕಾಲೇಜಿನ ಕುಸ್ತಿ ಸಂಘದಲ್ಲಿ ಜೊತೆಗಿದ್ದ ಗೆಳೆಯ ಮುಂದೆ ಮಿಸ್ಟರ್ ಗನ್ನೊಸುಕೆ ಎಂಬ ಹೆಸರಿನಲ್ಲಿ ಇದೇ ಕಂಪನಿಯಲ್ಲಿ ಅವರ ಎದುರಾಳಿಯಾದ. ಮೆಕ್ಸಿಕೊಗೆ ಹೋಗಿ ಹಾರುವ ಕುಸ್ತಿ ಕಲಿತು ಬಂದರು. 1994ರಲ್ಲಿ ಟೋಕಿಯೊದಲ್ಲಿ ನ್ಯೂ ಜಪಾನ್ ನಡೆಸಿದ ಸೂಪರ್ ಜೆ ಕಪ್ ಪಂದ್ಯಾವಳಿಯಲ್ಲಿ ಆ ಕಂಪನಿಯ ತಾರೆ ಜೂಶಿನ್ ಲೈಗರ್ ಎದುರು ಸೋತರು. ಸೋತರೂ ಮರುದಿನ ಎಲ್ಲರ ಬಾಯಲ್ಲೂ ಅವರದ್ದೇ ಹೆಸರು. ಇವತ್ತು ಅಮೆರಿಕದ ಕುಸ್ತಿಪಟು ಸೆತ್ ರಾಲಿನ್ಸ್ ಆಟ ನೋಡುವ ಮಕ್ಕಳಿಗೆ ಫಾಲ್ಕನ್ ಆರೋ ಎಂಬ ಪಟ್ಟು ಗೊತ್ತಿರುತ್ತದೆ. ಆ ಪಟ್ಟು ಹಯಬುಸಾ ಅವರದ್ದು.

ಓನಿತಾ ಹೋದ ಮೇಲೆ ಕಂಪನಿಯ ಅಧ್ಯಕ್ಷರಾದವರು ಶೋಇಚಿ ಅರಾಯ್. ಅದುವರೆಗೆ ರಿಂಗಿನಲ್ಲಿ ಆಟಗಾರರ ಹೆಸರು ಕೂಗುತ್ತಿದ್ದವರು. ಆಗ ಅವರಿಗೆ ಮೂವತ್ತರ ಆಸುಪಾಸು. ನಾಯಕನಿಲ್ಲದ, ಟಿವಿ ಇಲ್ಲದ, ಸಂಬಳದ ಪಟ್ಟಿ ಮಾತ್ರ ಇದ್ದ ಕಂಪನಿಯನ್ನು ಅವರು ತಲೆಯ ಮೇಲೆ ಹೊತ್ತರು. ಮೊದಲ ಒಂದು ವರ್ಷ ನಿಜಕ್ಕೂ ಕಷ್ಟ. ಆದರೂ ಚೆನ್ನಾಗಿ ನಡೆಸಿದರು. ಹಯಬುಸಾ, ಮಾಸಾತೊ ತನಾಕಾ ಎಂಬ ಇಬ್ಬರು ಹುಡುಗರು ಕಂಪನಿಯನ್ನು ಎತ್ತಿ ನಿಲ್ಲಿಸಿದರು. ತನಾಕಾ ಮತ್ತು ಅಮೆರಿಕದ ದೈತ್ಯ ಮೈಕ್ ಆಸಮ್ ಇಲ್ಲಿ ಆಡಿದ ಪಂದ್ಯಗಳು ಎಷ್ಟು ಹೆಸರಾದವೆಂದರೆ, 1999ರಲ್ಲಿ ಇಬ್ಬರೂ ಅಮೆರಿಕದ ಇಸಿಡಬ್ಲ್ಯು ಕಂಪನಿಯ ಚಾಂಪಿಯನ್ ಆದರು.

1996ರ ಮೇ 5ರಂದು ಕವಾಸಾಕಿಯಲ್ಲಿ ಇನ್ನೊಂದು ಪಂದ್ಯ ಇದೆ. ಕುದೊ ಮತ್ತು ಟೊಯೊಡಾ, ಸಿಡಿಯುವ ಮುಳ್ಳುತಂತಿ. ಹೆಣ್ಣುಮಕ್ಕಳ ನಡುವೆ ಇಂಥದ್ದು ಅದೇ ಮೊದಲು. ಟೊಯೊಡಾಗೆ ಅದು ನಿವೃತ್ತಿ ಪಂದ್ಯ. ಬೇರೆ ಕಂಪನಿಯಲ್ಲಿ ಬೇಡವಾದ ಇಬ್ಬರು ಗೆಳತಿಯರು ಬೇಸ್‌ಬಾಲ್ ಮೈದಾನದ ಮಧ್ಯೆ ನಿಂತು, ಗಂಡಸರಿಗೆ ಎಂದು ಇಟ್ಟಿದ್ದ ಆಟವನ್ನು ಆಡಿದರು. ಸ್ಫೋಟಗಳ ಸಂಖ್ಯೆಗಿಂತ ಅವರಿಬ್ಬರ ನಡುವಿನ ಹತ್ತು ವರ್ಷದ ಸ್ನೇಹವೇ ಆ ಪಂದ್ಯವನ್ನು ಹೊತ್ತು ನಿಂತಿದೆ. ಎಫ್‌ಎಂಡಬ್ಲ್ಯುನಲ್ಲಿ ಒಂದೇ ಪಂದ್ಯ ನೋಡಿ ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಓನಿತಾ 1996ರ ಡಿಸೆಂಬರ್‌ನಲ್ಲಿ ಮರಳಿ ಬಂದರು. ಜನಕ್ಕೆ ಖುಷಿಯಾಯಿತು. ಕಂಪನಿಗೆ ಒಳ್ಳೆಯದಾಗಲಿಲ್ಲ. ಕಣ್ಣೀರಿನ ವಿದಾಯಕ್ಕೆ ದುಡ್ಡು ಕೊಟ್ಟವರಿದ್ದರು. ಬೆಳೆಯುತ್ತಿದ್ದ ಹುಡುಗರ ಮೇಲೆ ಮತ್ತೆ ಹಳೆಯ ನೆರಳು ಬಿತ್ತು. ಎರಡು ವರ್ಷ ಎಳೆದಾಟ ನಡೆದು 1998ರ ನವೆಂಬರ್‌ನಲ್ಲಿ ಓನಿತಾ ಹೊರಟರು. 2001ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಗೂ ಆಯ್ಕೆಯಾದರು. ಅದು ಬೇರೆಯೇ ಕಥೆ.

ಈ ನಡುವೆ ಟಿವಿ ಹಣ ಕೊನೆಗೂ ಬಂತು. ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಸೇವೆ 1997ರ ಕೊನೆಯಲ್ಲಿ ಜಪಾನಿನಲ್ಲಿ ಶುರುವಾಯಿತು. ಅದಕ್ಕೆ ಕಾರ್ಯಕ್ರಮಗಳು ಬೇಕಿದ್ದವು, ಎಫ್‌ಎಂಡಬ್ಲ್ಯುಗೆ ಹಣ ಬೇಕಿತ್ತು. ದುಡ್ಡು ಕೊಟ್ಟು ಮನೆಯಲ್ಲೇ ನೋಡುವ ಪ್ರದರ್ಶನಗಳು 1998ರಲ್ಲಿ ಶುರುವಾದವು. ಕಂಪನಿ ರಕ್ತವನ್ನು ಕಡಿಮೆ ಮಾಡಿತು. ಕಥೆ, ಹಾಸ್ಯ, ಒಳಸಂಚು, ದೀಪಗಳ ಅಬ್ಬರ ಬಂತು. ಅಂದರೆ ಅಮೆರಿಕದ ದಾರಿ. ಇದರ ಹಿಂದಿದ್ದ ತಲೆ ಕಂಪನಿಯ ಆಟಗಾರ ಕೋಡೊ ಫುಯುಕಿ. ಅವರ ಜೊತೆಗಿದ್ದ ಗೇದೊ ಮುಂದೆ ನ್ಯೂ ಜಪಾನ್‌ನ ಕಥೆಗಳನ್ನು ಬರೆದು ಆ ಕಂಪನಿಯನ್ನು ಮತ್ತೆ ಮೇಲೆತ್ತಿದವರು. 1999ರ ನವೆಂಬರ್ 23ರಂದು ಹತ್ತನೇ ವರ್ಷದ ಪ್ರದರ್ಶನ, ಯೊಕೊಹಾಮಾ ಅರೀನಾದಲ್ಲಿ. ಹಯಬುಸಾ ಮುಖವಾಡ ತೆಗೆದು 'ಎಚ್' ಎಂಬ ಹೆಸರಿನಲ್ಲಿ ಬಂದರು. ಅವರ ಹಳೆಯ ಹೆಸರು, ಮುಖವಾಡ ಹಾಕಿಕೊಂಡು ಬಂದವರು ಕಾಲೇಜು ಗೆಳೆಯ ಗನ್ನೊಸುಕೆ. ರೆಫರಿ ಅಮೆರಿಕದ ಹೆಸರಾಂತ ಕುಸ್ತಿಪಟು ಶಾನ್ ಮೈಕಲ್ಸ್! ನೋಡಲು ಚೆನ್ನಾಗಿತ್ತು. ಖರ್ಚು ಎಷ್ಟಾಗಿರಬೇಕು ಯೋಚಿಸಿ.

2000ದಲ್ಲಿ ಡೈರೆಕ್‌ಟಿವಿ ಜಪಾನಿನಿಂದ ಎದ್ದುಹೋಯಿತು. ಖರ್ಚು ಟಿವಿ ಹಣ ಇರುವ ಕಂಪನಿಯ ಮಟ್ಟದಲ್ಲೇ ಉಳಿಯಿತು, ಆದಾಯ ಮಾತ್ರ ಟಿಕೆಟ್ಟನ್ನೇ ನಂಬಿದ ಕಂಪನಿಯ ಮಟ್ಟಕ್ಕೆ ಇಳಿಯಿತು. ಹಳೆಯ ಪ್ರೇಕ್ಷಕರು ರಕ್ತ, ಕಣ್ಣೀರು ಹುಡುಕಿಕೊಂಡು ಬೇರೆ ಕಡೆ ಹೋಗಿದ್ದರು. ಹೊಸಬರು ಸಾಕಷ್ಟು ಬಂದಿರಲಿಲ್ಲ. ಅರಾಯ್ ತಮ್ಮ ಹೆಸರಿನಲ್ಲೇ ಸಾಲ ಮಾಡಿ ಸಂಬಳ ಕೊಡತೊಡಗಿದರು.

2001ರ ಅಕ್ಟೋಬರ್ 22, ಕೊರಾಕುಎನ್ ಹಾಲ್. ಮುಳ್ಳುತಂತಿ ಇಲ್ಲ, ಬಾಂಬ್ ಇಲ್ಲ. ಹಯಬುಸಾ ನೂರಾರು ಸಲ ಮಾಡಿದ್ದ ಜಿಗಿತ. ಹಗ್ಗದ ಮೇಲೆ ಕಾಲಿಟ್ಟು ಹಿಂದಕ್ಕೆ ಪಲ್ಟಿ ಹೊಡೆಯಬೇಕು. ಕಾಲು ಜಾರಿತು. ತಲೆ ನೆಲಕ್ಕೆ ಬಡಿಯಿತು. ಕುತ್ತಿಗೆಯ ಮೂಳೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿತು. 32 ವರ್ಷ.

ಕಂಪನಿಯ ಮುಖವೇ ಆಸ್ಪತ್ರೆಯಲ್ಲಿ ಮಲಗಿತು. ಅದರ ನಂತರ ಉಳಿದದ್ದು ಮೂರೂವರೆ ತಿಂಗಳು. ಕೊನೆಯ ಪ್ರದರ್ಶನ 2002ರ ಫೆಬ್ರುವರಿ 4ರಂದು, ಅದೇ ಹಾಲ್‌ನಲ್ಲಿ. ಜಪಾನಿನಲ್ಲಿ ಒಂದು ನಿಯಮ ಇದೆ. ಕಂಪನಿ ಬರೆದುಕೊಟ್ಟ ಹುಂಡಿ, ಚೆಕ್ಕು ಆರು ತಿಂಗಳಲ್ಲಿ ಎರಡು ಸಲ ವಾಪಸ್ ಬಂದರೆ ಬ್ಯಾಂಕುಗಳು ಆ ಕಂಪನಿಯ ಜೊತೆ ವ್ಯವಹಾರ ನಿಲ್ಲಿಸುತ್ತವೆ. ಅಲ್ಲಿಗೆ ಕಂಪನಿಯ ಕಥೆ ಮುಗಿದ ಹಾಗೆ. ಫೆಬ್ರುವರಿ ಮಧ್ಯದ ಹೊತ್ತಿಗೆ ಎಫ್‌ಎಂಡಬ್ಲ್ಯುಗೆ ಅದೇ ಆಯಿತು. ಮೇ 16ರಂದು ಅರಾಯ್ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. 36 ವರ್ಷ. ಫುಯುಕಿ ಹೊಸ ಕಂಪನಿ ಕಟ್ಟಲು ಹೊರಟು, 2003ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ಗೆ ತುತ್ತಾದರು.

ಹನ್ನೆರಡು ವರ್ಷದ ಬಾಂಬುಗಳು ಈ ಕಂಪನಿಯನ್ನು ಮುಗಿಸಲಿಲ್ಲ. ಸಾಲದ ಪತ್ರಗಳು ಮುಗಿಸಿದವು. ಓನಿತಾ ಕಾಲದ ಅಪಾಯ ಎಲ್ಲರಿಗೂ ಕಾಣುತ್ತಿತ್ತು, ಅದಕ್ಕೆ ಡಾಕ್ಟರು, ಹೊಲಿಗೆ, ಚಪ್ಪಾಳೆ ಇತ್ತು. ಅರಾಯ್ ಹೊತ್ತ ಅಪಾಯ ಆಫೀಸಿನ ಮೇಜಿನ ಒಳಗಿತ್ತು. ಕುಸ್ತಿ ಚರಿತ್ರೆ ಬರೆಯುವವರು ಓನಿತಾ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅರಾಯ್ ಬಗ್ಗೆ ಬರೆಯುವಾಗ ಅವರ ಸಾವಿನ ಮಾತೊಂದೇ ಇರುತ್ತದೆ. ಅವರು ಏಳು ವರ್ಷ ಹತ್ತಾರು ಜನರ ಹೊಟ್ಟೆ ತುಂಬಿಸಿದ್ದು ಬರುವುದಿಲ್ಲ. ಇದು ಅನ್ಯಾಯ ಅಲ್ವಾ?

ಮಾತು ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: ಹಾಗಾದರೆ ಇದರಿಂದ ಉಳಿದದ್ದು ಏನು? ಆಗ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ದಿ ಶೇಕ್ ಅವರ ಸೋದರಳಿಯ ಸಾಬು ಇಲ್ಲಿ ಮುಳ್ಳುತಂತಿ ಕಲಿತು ಅಮೆರಿಕದ ಇಸಿಡಬ್ಲ್ಯುಗೆ ಒಯ್ದರು. ಅಲ್ಲಿಂದ ಅದು ದೊಡ್ಡ ಟಿವಿ ಕಂಪನಿಗಳಿಗೆ ಹೋಯಿತು. ನಾವು ಮ್ಯಾನ್‌ಕೈಂಡ್ ಎಂದು ನೋಡುತ್ತಿದ್ದ ಮಿಕ್ ಫೋಲಿ, 1995ರ ಆಗಸ್ಟ್‌ನಲ್ಲಿ ಇದೇ ಕವಾಸಾಕಿ ಮೈದಾನದಲ್ಲಿ, ಎಫ್‌ಎಂಡಬ್ಲ್ಯು ದಾರಿಯನ್ನೇ ಹಿಡಿದ ಐಡಬ್ಲ್ಯುಎ ಜಪಾನ್ ಕಂಪನಿಯ ಪಂದ್ಯಾವಳಿಯನ್ನು ಗೆದ್ದರು. ಕೊನೆಯ ಪಂದ್ಯದ ಎದುರಾಳಿ ಟೆರಿ ಫಂಕ್. 2021ರ ಮಾರ್ಚ್‌ನಲ್ಲಿ ಅಮೆರಿಕದ ಎಇಡಬ್ಲ್ಯು ಕಂಪನಿ ಸಿಡಿಯುವ ಮುಳ್ಳುತಂತಿ ಪಂದ್ಯ ನಡೆಸಿತು. ಕೊನೆಯಲ್ಲಿ ಫಂಕ್ ಪಂದ್ಯದ ಹಾಗೆಯೇ ಒಬ್ಬರ ಮೇಲೆ ಇನ್ನೊಬ್ಬರು ಅಡ್ಡ ಮಲಗಿದರು. ದೊಡ್ಡ ಸ್ಫೋಟ ಆಗಬೇಕಿತ್ತು. ಒಂದಿಷ್ಟು ಕಿಡಿ, ಹೊಗೆ ಬಂತು ಅಷ್ಟೇ. ಅವರ ಬಳಿ ಹಣ ಬೇಕಾದಷ್ಟಿತ್ತು. ರೈಲ್ವೆ ಯಾರ್ಡಿನ ಬಯಲಿನಲ್ಲಿ ಐವತ್ತು ಸಾವಿರ ಯೆನ್ನಿನ ಕಂಪನಿ ಇದನ್ನು ಸರಿಯಾಗಿ ಮಾಡಿ ತೋರಿಸಿದ್ದು ಎಂಥ ಕೆಲಸ ಎಂದು ಆ ದಿನ ಬಹಳ ಜನಕ್ಕೆ ಅರ್ಥವಾಯಿತು.

ಇನ್ನು ಹಯಬುಸಾ. ಮತ್ತೆ ನಡೆಯುವುದೇ ಅನುಮಾನ ಎಂಬ ಸ್ಥಿತಿಯಲ್ಲಿದ್ದವರು ವರ್ಷಗಟ್ಟಲೆ ವ್ಯಾಯಾಮ ಮಾಡಿದರು. ಗಾಲಿಕುರ್ಚಿಯಲ್ಲೇ ಕೂತು ವೇದಿಕೆಗಳಲ್ಲಿ ಹಾಡಿದರು. ಊರುಗೋಲು ಹಿಡಿದು ನಿಂತರು, ನಡೆದರು. 2015ರಲ್ಲಿ ಎಫ್‌ಎಂಡಬ್ಲ್ಯು ಹೆಸರನ್ನು ಮತ್ತೆ ಎಬ್ಬಿಸಿದಾಗ ಅದರ ಜೊತೆ ನಿಂತರು. 2016ರ ಮಾರ್ಚ್ 3ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು, 47ನೇ ವಯಸ್ಸಿನಲ್ಲಿ. ಮಾಸಾತೊ ತನಾಕಾ ಐವತ್ತು ದಾಟಿದ ಮೇಲೂ ರಿಂಗಿಗೆ ಇಳಿಯುತ್ತಿದ್ದರು. ಓನಿತಾ ಎಷ್ಟು ಸಲ ನಿವೃತ್ತರಾಗಿ ಮರಳಿದರು ಎಂಬ ಲೆಕ್ಕ ಜಪಾನಿನವರೇ ಬಿಟ್ಟಿದ್ದಾರೆ. 2021ರಲ್ಲಿ ಅವರು ಎಫ್‌ಎಂಡಬ್ಲ್ಯು-ಇ ಎಂಬ ಹೆಸರಿನಲ್ಲಿ ಯೊಕೊಹಾಮಾದಲ್ಲಿ ಮತ್ತೆ ರಿಂಗ್ ಹಾಕಿ ಮುಳ್ಳುತಂತಿ ಬಿಗಿದರು. ಆಗ ಅವರಿಗೆ 63 ವರ್ಷ.